ಹೊಲದ ಹಾದಿಯಲ್ಲಿ ಪೆಟ್ಟು ತಿಂದ ಮೋಟಾರು ಗಾಡಿಯ ಅಡಿತಟ್ಟೆ

ಎತ್ತಿನ ಗಾಡಿಯ ಚಕ್ರವು ಸುಮಾರು 5 ಅಡಿ ಎತ್ತರವುಳ್ಳದ್ದು. ಅದರ ಅಚ್ಚು ನೆಲದಿಂದ 2 ಅಡಿಗೂ ಮೇಲಿರುವುದು. ಆದುದರಿಂದ ಬದುವಿನ ಕಲ್ಲಾಗಲಿ, ಕಡಿದ ಮರದ ಬೊಡ್ಡೆಯಾಗಲಿ ಗಾಡಿಯ ಅಡಿಯನ್ನು ಮುಟ್ಟುತ್ತಿದ್ದುದು ಅಪರೂಪ. ಮುಟ್ಟಿದರೂ ಅಲ್ಲಿ ಒಡೆಯತಕ್ಕ ವಸ್ತುವೇನೂ ಇರಲಿಲ್ಲ. ಈಗ ಅದೇ ಬಂಡಿಜಾಡುಗಳಲ್ಲಿ ಪಿಕಪ್ ಗಾಡಿಗಳೂ ಜೀಪುಗಳೂ ಓಡಾಡುತ್ತಿರುವುವು. ಇವುಗಳಲ್ಲಿ ಅನೇಕವುಗಳ ಅಡಿಭಾಗವು ನೆಲದಿಂದ 7-8 ಅಂಗುಲ ಮಾತ್ರ ಮೇಲಿರುವುದು. ಸರಕು ತುಂಬಿದಾಗ ಕಮಾನುಪಟ್ಟಿಗಳು ತಗ್ಗಿ ಈ ಎಡೆಯು ಇನ್ನೂ ಕಡಮೆಯಾಗುವುದು. ಎಂಜಿನ್ನಿನ ಎಣ್ಣೆ ನಿಲ್ಲುವ ತೊಟ್ಟಿ, ಗೇರ್ ಬಾಕ್ಸು, ಬ್ರೇಕಿನ ಕೊಳವೆಗಳು, ಡೀಸೆಲ್ ಟ್ಯಾಂಕು, ಸೈಲೆನ್ಸರು ಇವೆಲ್ಲವೂ ಅಷ್ಟರ ಮೇಲೆಯೇ ತೂಗಿಕೊಂಡಿರುವುವು.

ಇವುಗಳಲ್ಲಿ ಎಣ್ಣೆಯ ತೊಟ್ಟಿಯನ್ನು ಮುಖ್ಯವಾಗಿ ಕಾಪಾಡುವುದಕ್ಕೋಸ್ಕರ ಅದರ ಕೆಳಗೆ ಬೋಲ್ಟುಗಳಿಂದ ಬಿಗಿದಿರುವ ಹಲಗೆಯೇ ಅಡಿತಟ್ಟೆ. ಇದು ಕೆಲವು ಗಾಡಿಗಳಲ್ಲಿ ಕಬ್ಬಿಣದ್ದು, ಕೆಲವುಗಳಲ್ಲಿ ಅಲ್ಯೂಮಿನಿಯಮ್ಮಿನದು, ಕಾರುಗಳಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಗ್ಯಾರೇಜುಗಳಲ್ಲಿ ಎಣ್ಣೆಯ ತೊಟ್ಟಿಯನ್ನು ಚೇಂಬರ್ ಎಂದೂ ಈ ಹಲಗೆಯನ್ನು ಚೇಂಬರ್ ಗಾರ್ಡ್ ಎಂದೂ ಕರೆಯುವರು. 1941ರಲ್ಲಿ ಯುದ್ಧಕ್ಕಾಗಿ ತಯಾರಾದ ವಿಲ್ಲೀಸ್ ಜೀಪಿನಲ್ಲಿಯೂ ಗೇರ್ ಪೆಟ್ಟಿಗೆಯ ಕೆಳಗೆ ಇಂತಹ ತಟ್ಟೆಯೊಂದು ಇದ್ದಿತು. ಪ್ರಕೃತ ಲೇಖನವು ಈ ತಟ್ಟೆಗೆ ಪೆಟ್ಟು ಬಿದ್ದ ಮೇಲೆ ಮಾಡತಕ್ಕ ಕೆಲಸಗಳನ್ನು ಕುರಿತದ್ದು.

ಪೆಟ್ಟು ತಿಂದ ತಟ್ಟೆಯನ್ನು ನಮ್ಮವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕೋಲಾರದ ಕಡೆ ಟೊಮೇಟೊ ಬೆಳೆಯುವ ರೈತರೊಬ್ಬರ ಪಿಕಪ್ಪು ಹುಲ್ಲಿನಲ್ಲಿ ಮುಚ್ಚಿಹೋಗಿದ್ದ ಗಡಿಕಲ್ಲಿಗೆ ಬಡಿಯಿತು. ಆ ಸಮಯದಲ್ಲಿ ನಾನು ಅವರ ತೋಟದಲ್ಲಿಯೇ ಇದ್ದೆನು. ಇಳಿದು ಬಗ್ಗಿ ನೋಡಿದರೆ ತಟ್ಟೆಯು ನಡುವೆ ಬೋಗುಣಿಯನ್ನು ಬೋರಲು ಹಾಕಿದಂತೆ ಮೇಲಕ್ಕೆ ಉಬ್ಬಿದ್ದಿತು. ಎಣ್ಣೆ ಮಾತ್ರ ಒಂದು ತೊಟ್ಟೂ ಸೋರಿರಲಿಲ್ಲ. ಒಮ್ಮೆ ಬಿಚ್ಚಿಸಿ ನೋಡಿರೆಂದು ಹೇಳಿದ್ದಕ್ಕೆ ಅವರು, “ತಟ್ಟೆ ಕಾಪಾಡಿತಲ್ಲ ಸ್ವಾಮಿ, ಇನ್ನೇನು ನೋಡುವುದು?” ಎಂದು ನಕ್ಕರು. ನಾನೂ ಒತ್ತಾಯ ಮಾಡಲಿಲ್ಲ. ಹತ್ತು ದಿನಗಳ ಮೇಲೆ ತಲಾ 15 ಕಿಲೋ ತೂಗುವ 80 ಪೆಟ್ಟಿಗೆಗಳನ್ನು ಹೇರಿಕೊಂಡು ಮಂಡಿಗೆ ಹೊರಟಾಗ, ಕಾಲುವೆಯ ದಂಡೆಯಲ್ಲಿ ಒಂದು ಚಿಕ್ಕ ಉಬ್ಬಿಗೆ ಗಾಡಿಯ ಅಡಿಯು ತಗಲಿತು. ಮೊದಲಿನ ಪೆಟ್ಟಿನ ಕಾಲುಭಾಗವೂ ಇಲ್ಲದ ಪೆಟ್ಟು ಅದು. ಆದರೆ ಉಬ್ಬಿದ್ದ ತಟ್ಟೆಯು ಆ ವೇಳೆಗಾಗಲೇ ಚೇಂಬರಿಗೆ ಒತ್ತಿಕೊಂಡಿದ್ದುದರಿಂದ ಪೆಟ್ಟೆಲ್ಲವೂ ನೆಟ್ಟಗೆ ಚೇಂಬರಿಗೇ ಬಿದ್ದು ಅದು ಸೀಳಿತು. ಸೋರಿದ ಎಣ್ಣೆಯು ತಟ್ಟೆಯ ಮೇಲಿನ ಮಣ್ಣಿನಲ್ಲಿ ಇಂಗುತ್ತಿದ್ದುದರಿಂದ ಹಾದಿಯಲ್ಲಿ ಗುರುತು ಕಾಣಲಿಲ್ಲ. ಕೆಂಪು ದೀಪ ಹತ್ತಿದ್ದನ್ನು ನೋಡಿಯೂ ಮಂಡಿ ಸಮೀಪವೇ ಇದೆಯೆಂದು ಗಾಡಿಯನ್ನು ಓಡಿಸಿದರು. ಎಂಜಿನ್ನು ಬಿಗಿದು ನಿಂತಿತು. ಬೇರೆ ಗಾಡಿ ದೊರೆತು ಸರಕು ಮಂಡಿ ಸೇರುವ ವೇಳೆಗೆ ಹರಾಜು ಮುಗಿದಿದ್ದಿತು.

ಇದರಿಂದ ತಿಳಿಯಬೇಕಾದುದೇನೆಂದರೆ, ಚೇಂಬರನ್ನು ಕಾಪಾಡುವುದರಲ್ಲಿ ತಗಡಿಗೆ ಎಷ್ಟು ಪಾಲುಂಟೋ ತಗಡಿಗೂ ಚೇಂಬರಿಗೂ ನಡುವಣ ಬರಿಯ ಎಡೆಗೂ ಅಷ್ಟೇ ಪಾಲುಂಟು. ಕಲ್ಲು ತಗಲಿದಾಗ ತಟ್ಟೆಯು ಆ ಎಡೆಯೊಳಕ್ಕೆ ಬಗ್ಗಿ ಪೆಟ್ಟಿನ ರಭಸವನ್ನು ತಾನು ನುಂಗುವುದು. ಒಮ್ಮೆ ಬಗ್ಗಿದ ಮೇಲೆ ಆ ಎಡೆ ಉಳಿಯುವುದಿಲ್ಲ. ಎರಡನೆಯ ಸಲ ತಟ್ಟೆಯೇ ಸುತ್ತಿಗೆಯಾಗುವುದು. ಇದಲ್ಲದೆ ಅದು ಒಳಗಣ ಸೋರಿಕೆಯನ್ನು ಮರೆಮಾಡುವುದು, ಮಣ್ಣನ್ನೂ ಹುಲ್ಲನ್ನೂ ಹಿಡಿದಿಟ್ಟುಕೊಳ್ಳುವುದು. ಆದಕಾರಣ ಪೆಟ್ಟು ಬಿದ್ದ ತಟ್ಟೆಯನ್ನು ಬಿಚ್ಚಿ ನೋಡುವವರೆಗೂ ಅದನ್ನು ರಕ್ಷಣೆಯೆಂದು ಎಣಿಸಕೂಡದು.

ಪೆಟ್ಟು ಬಿದ್ದೊಡನೆ

ಅಡಿಗೆ ಗಟ್ಟಿಯಾಗಿ ಏನಾದರೂ ತಗಲಿದ ಶಬ್ದ ಕೇಳಿದರೆ ಮಟ್ಟವಾದ ಸ್ಥಳಕ್ಕೆ ಗಾಡಿಯನ್ನು ತಂದು ಎಂಜಿನ್ನನ್ನು ನಿಲ್ಲಿಸಿ, ಹತ್ತು ನಿಮಿಷ ಕಾದು ಅಡಿಯನ್ನು ನೋಡತಕ್ಕದ್ದು. ಹಳೆಯ ಬಿಳಿಯ ಬಟ್ಟೆಯನ್ನಾಗಲಿ ಕಾಗದವನ್ನಾಗಲಿ ಕೆಳಗೆ ಹಾಸಿದರೆ ಯಾವುದು ಸೋರುತ್ತಿದೆಯೆಂಬುದು ಬಣ್ಣದಿಂದಲೇ ತಿಳಿಯುವುದು. ಕಂದು ಅಥವಾ ಕಪ್ಪು ಬಣ್ಣದ ಜಿಡ್ಡಾದರೆ ಎಂಜಿನ್ನಿನ ಎಣ್ಣೆ. ಹಸುರು, ಕೆಂಪು ಅಥವಾ ನಸುಗೆಂಪು ಬಣ್ಣದ ನೀರಾದರೆ ರೇಡಿಯೇಟರಿನದು. ತಿಳಿಹಳದಿಯ ತೆಳ್ಳನೆಯ ದ್ರವವಾದರೆ ಬ್ರೇಕಿನದಿರಬಹುದು. ಆಗ ಬ್ರೇಕನ್ನು ಕಾಲಿನಿಂದ ಒತ್ತಿ ಹಿಡಿದು ನೋಡಿ, ಅದು ಮೆಲ್ಲಗೆ ಕೆಳಕ್ಕೆ ಇಳಿದರೆ ಗಾಡಿಯನ್ನು ಒಂದು ಮಾರೂ ಓಡಿಸಕೂಡದು. ಡೀಸೆಲ್ಲನ್ನು ವಾಸನೆಯಿಂದ ಗುರುತಿಸಬಹುದು. ತಂಪುಯಂತ್ರವಿರುವ ಗಾಡಿಗಳಿಂದ ತಿಳಿನೀರು ತೊಟ್ಟಿಕ್ಕುವುದು ಸಹಜ; ಅದಕ್ಕೆ ಹೆದರಬೇಕಾದುದಿಲ್ಲ. ತರುವಾಯ ಎಣ್ಣೆಯ ಅಳತೆಕಡ್ಡಿಯನ್ನು ತೆಗೆದು ಒರೆಸಿ ಮತ್ತೆ ಅದ್ದಿ ಮಟ್ಟವನ್ನು ನೋಡಿ ನೆನಪಿನಲ್ಲಿಟ್ಟುಕೊಂಡು, ಮನೆಗೆ ಹೋದ ಮೇಲೆ ಇನ್ನೊಮ್ಮೆ ನೋಡತಕ್ಕದ್ದು.

ಓಡಿಸುತ್ತಿರುವಾಗ ಎಣ್ಣೆಯ ಕುಡಿಕೆಯ ಚಿತ್ರವುಳ್ಳ ಕೆಂಪು ದೀಪ ಹತ್ತಿದರೆ ಎಂಜಿನ್ನನ್ನು ಆ ಕ್ಷಣದಲ್ಲಿಯೇ ಆರಿಸತಕ್ಕದ್ದು. ಊರು ಅರ್ಧ ಮೈಲಿಯಿದ್ದರೂ ಸರಿಯೆ. ಎಣ್ಣೆಯ ಒತ್ತಡವಿಲ್ಲದೆ ತಿರುಗುವ ಎಂಜಿನ್ನಿನ ಬೇರಿಂಗುಗಳು ಕೆಲವು ನಿಮಿಷಗಳಲ್ಲಿಯೇ ಸುಟ್ಟುಹೋಗುವುವು. ಚೇಂಬರನ್ನು ಬದಲಾಯಿಸುವ ವೆಚ್ಚಕ್ಕೂ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ ಕಟ್ಟುವ ವೆಚ್ಚಕ್ಕೂ ಇರುವ ಅಂತರವನ್ನು ಯಾವ ಮೇಸ್ತ್ರಿಯಾದರೂ ಹೇಳಿಯಾನು.

ಇಲ್ಲಿ ವಿಮೆಯ ವಿಷಯವನ್ನೂ ಹೇಳುವುದು ಅವಶ್ಯ. ನಮ್ಮ ದೇಶದ ಸಾಮಾನ್ಯ ಮೋಟಾರು ವಿಮಾಪತ್ರದಲ್ಲಿ ಒಂದು ಷರತ್ತು ಉಂಟು: ಅಪಘಾತವಾದ ಗಾಡಿಯನ್ನು ಅಗತ್ಯವಾದ ದುರಸ್ತಿಯಾಗುವುದಕ್ಕೆ ಮುಂಚೆ ಓಡಿಸಿದರೆ, ಅದರಿಂದ ಹೆಚ್ಚಾಗುವ ಹಾನಿಗೆ ಗಾಡಿಯ ಯಜಮಾನನೇ ಹೊಣೆ. ಕಲ್ಲು ತಗಲಿ ಒಡೆದ ಚೇಂಬರಿಗೆ ಹಣ ಬಂದೀತು. ಎಣ್ಣೆಯಿಲ್ಲದೆ ಓಡಿಸಿ ಸುಟ್ಟ ಎಂಜಿನ್ನಿಗೆ ಬರುವುದು ಕಷ್ಟ. ಮೇಲೆ ಹೇಳಿದ ರೈತರಿಗೆ ಆದುದೂ ಇದೇ. ಪೆಟ್ಟು ಬಿದ್ದ ಸ್ಥಳದಲ್ಲಿಯೇ ಫೋನಿನಿಂದ ಕಲ್ಲಿನದೂ ತಟ್ಟೆಯದೂ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಡೀಸೆಲ್ ಟ್ಯಾಂಕಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಬಟ್ಟೆ ಒಗೆಯುವ ಸಾಬೂನನ್ನು ಗಟ್ಟಿಯಾಗಿ ತೀಡಿ ಗ್ಯಾರೇಜಿನವರೆಗೆ ಹೋಗುವುದನ್ನು ಲಾರಿಯವರು ಬಲ್ಲರು. ಚೇಂಬರಿಗೆ ಈ ಉಪಾಯ ಸಲ್ಲದು; ಬಿಸಿ ಎಣ್ಣೆಗೆ ಸಾಬೂನು ನಿಲ್ಲುವುದಿಲ್ಲ.

ತಟ್ಟೆಯನ್ನು ಬಿಚ್ಚುವುದು

ಈ ಕೆಲಸದಲ್ಲಿ ಗಾಡಿಗಿಂತ ಮನುಷ್ಯನ ಪ್ರಾಣಕ್ಕೆ ಹೆಚ್ಚು ಅಪಾಯವುಂಟು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆಯಿಡಕೂಡದು. ಜಾಕಿಯು ಎತ್ತುವುದಕ್ಕೆ ಮಾತ್ರ ಇರುವ ಉಪಕರಣವೇ ಹೊರತು ಹೊರುವುದಕ್ಕಲ್ಲ. ಗಟ್ಟಿಯಾದ ಮಟ್ಟಸ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಕೈಬ್ರೇಕು ಹಾಕಿ, ಹಿಂದಿನ ಚಕ್ರಗಳಿಗೆ ಎರಡು ಕಡೆಯಿಂದಲೂ ಮರದ ಅಡಚಣೆ ಕೊಟ್ಟು, ಮುಂಭಾಗವನ್ನು ಎತ್ತಿ, ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ನಿಲ್ಲಿಸಿ, ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಇಟ್ಟಿಗೆ, ಸಿಮೆಂಟಿನ ಟೊಳ್ಳು ಬ್ಲಾಕು, ಒಂದರ ಮೇಲೊಂದು ಪೇರಿಸಿದ ಕಲ್ಲು ಇವು ಯಾವುವೂ ಬೇಡ. ಇವು ಮುನ್ಸೂಚನೆಯಿಲ್ಲದೆ ಸಿಡಿಯುವುವು, ಇಲ್ಲವೆ ಜಾರುವುವು. ಸ್ಟ್ಯಾಂಡುಗಳಿಲ್ಲದವರು ಗುಂಡಿಯಿರುವ ಗ್ಯಾರೇಜಿಗೆ ಹೋಗುವುದೇ ಲೇಸು. ಓಡಿ ಬಂದ ಗಾಡಿಯಾದರೆ ಸೈಲೆನ್ಸರು ಆರುವುದಕ್ಕೆ ಒಂದು ಗಂಟೆಯಾದರೂ ಬಿಡತಕ್ಕದ್ದು.

3 ಮಿಲಿಮೀಟರು ದಪ್ಪವುಳ್ಳ ಕಬ್ಬಿಣದ ತಗಡು ಒಂದು ಚದರ ಮೀಟರಿಗೆ ಸುಮಾರು 23½ ಕಿಲೋ ತೂಗುವುದು. ಒಂದು ಮೀಟರು ಉದ್ದ ಮುಕ್ಕಾಲು ಮೀಟರು ಅಗಲದ ತಟ್ಟೆಯಾದರೆ 17-18 ಕಿಲೋ ಆಯಿತು. ಅದರ ಮೇಲೆ ನಿಂತ ಮಣ್ಣಿನ ತೂಕ ಬೇರೆ. ಕೊನೆಯ ಬೋಲ್ಟನ್ನು ಬಿಚ್ಚಿದಾಗ ಇದು ಮುಖದ ಮೇಲೆಯೇ ಬೀಳುವುದು. ಆದುದರಿಂದ ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲಿಸಿ, ತಟ್ಟೆಯ ಕೆಳಗೆ ಇನ್ನೊಂದು ಜಾಕಿಯನ್ನೊ ಮರದ ಕೊರಡನ್ನೊ ಆನಿಸಿ, ಆಮೇಲೆ ತೆಗೆಯಬೇಕು.

ಬಿಚ್ಚಿದ ಕೂಡಲೆ ತೊಳೆಯುವುದಕ್ಕೆ ಹೋಗಬಾರದು. ಮಣ್ಣಿನ ಮೇಲೆ ಎಣ್ಣೆಯ ಕಲೆ ಎಲ್ಲಿದೆಯೆಂಬುದನ್ನು ನೋಡಿದರೆ ಸೋರಿಕೆ ಎಲ್ಲಿಂದ ಎಂಬುದು ತಿಳಿಯುವುದು. ತೊಳೆದರೆ ಆ ಗುರುತು ಹೋಗುವುದು. ಚೇಂಬರು ಸೀಳದೆ ಬರಿಯ ತಗ್ಗು ಬಿದ್ದಿದ್ದರೂ ಉಪೇಕ್ಷಿಸಲಾಗದು. ಚೇಂಬರಿನ ತಳಕ್ಕೆ ಅತಿ ಸಮೀಪದಲ್ಲಿಯೇ ಎಣ್ಣೆಯನ್ನು ಹೀರುವ ಜಾಲರಿಯಿರುವುದು. ತಳವು ಉಬ್ಬಿ ಅದಕ್ಕೆ ಅಡ್ಡವಾದರೆ ಎಣ್ಣೆ ತುಂಬಿದ್ದರೂ ಎಂಜಿನ್ನಿಗೆ ಏರುವುದಿಲ್ಲ. ಏರಿನಲ್ಲಿ ದೀಪವು ಮಿನುಗಿ ಆರುತ್ತಿದ್ದರೆ ಇದನ್ನು ಸಂಶಯಿಸಬಹುದು. ಒತ್ತಿದ ಕಬ್ಬಿಣದ ತಗಡಿನ ಚೇಂಬರು ತಗ್ಗು ಬೀಳುವುದು, ಅಲ್ಯೂಮಿನಿಯಮ್ಮಿನ ಎರಕದ್ದು ಬಗ್ಗದೆ ಬಿರಿಯುವುದು. ಎರಕದ್ದನ್ನು ದೀಪ ಹಿಡಿದು ಬೆರಳಾಡಿಸಿ ನೋಡಬೇಕು.

ಬ್ರೇಕಿನ ಕಬ್ಬಿಣದ ಕೊಳವೆಯು ಬಳಪದ ಕಡ್ಡಿಗಿಂತಲೂ ಸಣ್ಣದು. ಸಾಮಾನ್ಯವಾಗಿ 4¾ ಮಿಲಿಮೀಟರು. ಇದು ಚಪ್ಪಟೆಯಾಗಿದ್ದರೆ ಅಥವಾ ಮಡಿಸಿದ್ದರೆ ನೇರಮಾಡುವ ಯತ್ನವೇ ಕೂಡದು, ಹೊಸದನ್ನು ಹಾಕಿಸತಕ್ಕದ್ದು. ಅಚ್ಚಿನ ತುದಿಗಳಲ್ಲಿ ಗ್ರೀಸನ್ನು ಹಿಡಿದಿಟ್ಟಿರುವ ರಬ್ಬರಿನ ಚೀಲಗಳು ಹರಿದಿದ್ದರೆ ಒಳಕ್ಕೆ ಮರಳು ಸೇರಿ ಕೀಲು ಸವೆಯುವುದು. ಬೇಲಿಯ ಮುಳ್ಳೂ ಕಬ್ಬಿನ ಕೂಳೆಯೂ ಈ ಚೀಲಗಳಿಗೆ ಶತ್ರುಗಳು.

ಕಿಚ್ಚಿನ ಭಯ

ತಟ್ಟೆಯ ಮೇಲೆ ಮಣ್ಣು ನಿಂತರೆ ತುಕ್ಕು ಹಿಡಿಯುವುದು. ಹುಲ್ಲು ನಿಂತರೆ ಗಾಡಿಯೇ ಉರಿದುಹೋಗಬಹುದು. ಬಗ್ಗಿದ ತಟ್ಟೆಯ ಅಂಚು ಬಾಯಿ ತೆರೆದುಕೊಂಡು, ಓಡುವಾಗ ಒಣಹುಲ್ಲನ್ನು ಮುಂದಿನಿಂದ ಗೋರಿಕೊಂಡು ಒಳಕ್ಕೆ ತುರುಕಿಕೊಳ್ಳುವುದು. ಅಲ್ಲಿ ಅದು ಸೈಲೆನ್ಸರಿನ ಬಿಸಿ ಕೊಳವೆಗೆ ತಗಲುವುದು.

ನಮ್ಮ ಸೀಮೆಯಲ್ಲಿ ಹುರುಳಿ, ರಾಗಿ ಮುಂತಾದವುಗಳ ತೆನೆಯನ್ನೂ ಬಳ್ಳಿಯನ್ನೂ ರಸ್ತೆಯ ಮೇಲೆ ಹರಡಿ, ಹೋಗಿ ಬರುವ ಗಾಡಿಗಳಿಂದ ಒಕ್ಕಿಸುವ ಪದ್ಧತಿ ಬೆಳೆದಿದೆ. ಕಣ ಮಾಡುವ ಶ್ರಮ ತಪ್ಪಿತೆಂಬುದೇನೋ ದಿಟ. ಆದರೆ ಹುರುಳಿಯ ಬಳ್ಳಿಯು ಚಕ್ರಕ್ಕೂ ತಿರುಗುವ ದಂಡಕ್ಕೂ ಹುರಿಯಂತೆ ಸುತ್ತಿಕೊಂಡು, ತಿಕ್ಕಾಟದಿಂದಲೂ ಸೈಲೆನ್ಸರಿನ ಕಾವಿನಿಂದಲೂ ಹೊತ್ತಿಕೊಂಡು ಗಾಡಿಗಳು ಸುಟ್ಟಿರುವ ಉದಾಹರಣೆಗಳು ನಮ್ಮ ರಾಜ್ಯದಲ್ಲಿಯೇ ಉಂಟು. ಕಾಳಿನಲ್ಲಿ ಕಲ್ಲೂ ಡಾಂಬರೂ ಬೆರೆತು ಬೆಲೆ ಇಳಿಯುವುದು ಬೇರೆ. ಈ ಪದ್ಧತಿಯನ್ನು ನಾನು ಯಾವ ಊರಿನಲ್ಲಿಯೂ ಒಪ್ಪಿದವನಲ್ಲ.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳ ತರುವಾಯ ಈ ಭಯ ಹೆಚ್ಚಿದೆ. ಹೊಸ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಸೋಸುಪೆಟ್ಟಿಗೆಯೊಂದು ಉಂಟು. ಮಸಿ ತುಂಬಿದಾಗ ಗಾಡಿಯು ತಾನಾಗಿಯೇ ಅದನ್ನು ಸುಡುವುದು. ಆಗ ಒಳಗಣ ಕಾವು ಸುಮಾರು 600 ಡಿಗ್ರಿ ಸೆಂಟಿಗ್ರೇಡಿಗೆ ಏರುವುದು. ಒಣಹುಲ್ಲು ಹೊತ್ತುವುದಕ್ಕೆ ಇದರ ಅರ್ಧದಷ್ಟು ಸಾಕು. ಆದುದರಿಂದ ಇಂತಹ ಗಾಡಿಗಳನ್ನು ಬಣವೆಯ ಪಕ್ಕದಲ್ಲಾಗಲಿ, ಒಣಗಿದ ಹುಲ್ಲಿನ ಮೇಲಾಗಲಿ, ಭತ್ತದ ಕೂಳೆಯಲ್ಲಾಗಲಿ ನಿಲ್ಲಿಸಕೂಡದು. ಸುಗ್ಗಿಯ ಕಾಲದಲ್ಲಿ ದಿನಕ್ಕೆರಡು ಸಲ ಅಡಿಯನ್ನು ನೋಡಿ, ಸಿಕ್ಕಿದ ಹುಲ್ಲನ್ನು ಕೊಕ್ಕೆಯಿಂದ ಎಳೆದುಹಾಕಬೇಕು, ಕೈಹಾಕಿದರೆ ಸುಟ್ಟೀತು. ಒಣಪುಡಿಯ ಅಗ್ನಿಶಾಮಕ ಡಬ್ಬಿಯೊಂದು ಚಾಲಕನ ಕೈಗೆಟಕುವಂತಿರಲಿ. ತಟ್ಟೆಯ ಮೇಲೆ ಸೇರಿದ ಹುಲ್ಲಿನಲ್ಲಿ ಇಲಿಗಳು ಗೂಡು ಕಟ್ಟಿ ತಂತಿಗಳನ್ನು ಕಡಿಯುವುದೂ ಉಂಟು.

ನೇರಮಾಡುವುದು

ಸಾಧಾರಣ ಕಬ್ಬಿಣದ ತಟ್ಟೆಯು ಬಗ್ಗಿದ್ದರೆ ಬಿಚ್ಚಿ ಗಟ್ಟಿಯಾದ ಮರದ ದಿಮ್ಮಿಯ ಮೇಲಿಟ್ಟು ಉಬ್ಬಿನ ಅಂಚಿನಿಂದ ನಡುವಿಗೆ ಬರುವಂತೆ ಸುತ್ತಿಗೆಯಿಂದ ಕಾಯಿಸದೆಯೇ ಬಡಿಯಬಹುದು. ನಡುವಿಗೇ ಮೊದಲು ಬಡಿದರೆ ತಗಡು ಹಿಗ್ಗಿ, ಒತ್ತಿದ ಕಡೆ ತಗ್ಗಿ ಬಿಟ್ಟ ಕಡೆ ಏಳುವ ಡಬ್ಬಿಯ ಮುಚ್ಚಳದಂತಾಗುವುದು. ಬೋಲ್ಟಿನ ರಂಧ್ರದಿಂದ ಬಿರುಕು ಹೊರಟಿದ್ದರೆ, ಬಿರುಕಿನ ತುದಿಯಲ್ಲಿ 3-4 ಮಿಲಿಮೀಟರಿನ ಒಂದು ರಂಧ್ರವನ್ನು ಕೊರೆದು ಆಮೇಲೆ ಬೆಸುಗೆ ಹಾಕಿಸತಕ್ಕದ್ದು. ಇಲ್ಲದಿದ್ದರೆ ಬಿರುಕು ಬೆಸುಗೆಯ ಆಚೆಗೂ ಓಡುವುದು. ಬೆಸುಗೆಯನ್ನು ತಟ್ಟೆ ಗಾಡಿಯಲ್ಲಿರುವಾಗಲೇ ಹಾಕಿಸುವ ಕೆಟ್ಟ ರೂಢಿಯುಂಟು. ಒಂದೆಡೆ ಡೀಸೆಲ್, ಇನ್ನೊಂದೆಡೆ ಎಣ್ಣೆ, ಮೇಲೆ ಸೂಕ್ಷ್ಮವಾದ ವಿದ್ಯುತ್ ಉಪಕರಣಗಳು, ಇವುಗಳ ನಡುವೆ ಕಿಡಿ ಹಾರಿಸುವುದು ವಿವೇಕವಲ್ಲ. ಸತುವಿನ ಲೇಪವಿರುವ ತಗಡಾದರೆ ಬೆಸುಗೆಯ ಜಾಗದಲ್ಲಿ ಆ ಲೇಪವನ್ನು ಉಜ್ಜಿ ತೆಗೆಯದೆ ಬೆಸೆಯಬಾರದು. ಸತುವಿನ ಹೊಗೆಯಿಂದ ಜ್ವರ ಬರುವುದು.

ಅಲ್ಯೂಮಿನಿಯಮ್ಮಿನ ತಟ್ಟೆಯು ಅಷ್ಟೇ ಗಾತ್ರದ ಕಬ್ಬಿಣದ ಮೂರನೆಯ ಒಂದು ಪಾಲು ಮಾತ್ರ ತೂಗುವುದು. ಆದರೆ ಬಗ್ಗಿಸಿ ನೆಟ್ಟಗೆ ಮಾಡುವ ಆಟವನ್ನು ಅದು ಹೆಚ್ಚು ಸಲ ತಾಳದು. ಕಾಯಿಸಿದರೆ ಅದರ ಹದ ಹೋಗಿ ಮೆತ್ತಗಾಗುವುದು. ಅಲ್ಪ ತಗ್ಗಾದರೆ ಬಿಡಬಹುದು, ಮಡಿಕೆ ಬಿದ್ದಿದ್ದರೆ ಹೊಸದನ್ನು ಕೊಳ್ಳಬೇಕು. ಪ್ಲಾಸ್ಟಿಕ್ಕಿನ ಹಲಗೆ ಒಡೆದಾಗ ಹಗ್ಗದಿಂದ ಕಟ್ಟಿಕೊಂಡು ತಿಂಗಳುಗಟ್ಟಲೆ ಓಡಿಸುವವರನ್ನು ಕಂಡಿದ್ದೇನೆ. ಅದು ಜಾರಿ ಚಕ್ರಕ್ಕೆ ಸಿಕ್ಕಿದರೆ ಆಗುವ ಅನರ್ಥವನ್ನು ಅವರು ಯೋಚಿಸಿದಂತೆ ಕಾಣಲಿಲ್ಲ.

ತಟ್ಟೆಯನ್ನು ಮತ್ತೆ ಬಿಗಿದ ಮೇಲೆ ಚೇಂಬರಿಗೂ ಅದಕ್ಕೂ ಎಷ್ಟು ಎಡೆ ಉಳಿದಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೊಂದು ಸುಲಭವಾದ ಉಪಾಯವುಂಟು. ನಾದಿದ ಜೇಡಿಮಣ್ಣಿನ ಎರಡು ಮೂರು ಉಂಡೆಗಳನ್ನು ಚೇಂಬರಿನ ನೇರಕ್ಕೆ ತಟ್ಟೆಯ ಮೇಲಿಟ್ಟು, ಬೋಲ್ಟುಗಳನ್ನು ಪೂರ್ತಿಯಾಗಿ ಬಿಗಿದು, ಮತ್ತೆ ಬಿಚ್ಚಿ, ಚಪ್ಪಟೆಯಾದ ಉಂಡೆಗಳ ದಪ್ಪವನ್ನು ಅಳೆಯಬೇಕು. ಅದು ಹೆಬ್ಬೆರಳಿನ ದಪ್ಪಕ್ಕಿಂತ ಕಡಮೆಯಿದ್ದರೆ ನಾನು ಒಪ್ಪುವುದಿಲ್ಲ. ಎಂಜಿನ್ನು ರಬ್ಬರಿನ ಮೇಲೆ ಕುಳಿತಿರುವುದರಿಂದ ಓಡುವಾಗ ಅಲುಗುವುದು. ನಿಂತಾಗ ಕೂದಲೆಳೆಯಷ್ಟು ಎಡೆಯಿರುವ ತಟ್ಟೆಯು ಓಡುವಾಗ ತಗಲುವುದು. ಅಳತೆಯಾದ ಮೇಲೆ ಉಂಡೆಗಳನ್ನು ತೆಗೆಯಲು ಮರೆಯಬಾರದು.

ಬೋಲ್ಟುಗಳು ತಲೆಯ ಮೇಲೆ 8.8 ಎಂದು ಗುರುತುಳ್ಳವಾಗಿರಲಿ. ಎಳೆ ಸವೆದುದನ್ನೂ ಕಲ್ಲಿಗೆ ಉಜ್ಜಿ ತಲೆ ತೇದುಹೋದುದನ್ನೂ ಎಸೆಯಬೇಕು. ನೂರು ಕಿಲೋಮೀಟರು ಓಡಿದ ಮೇಲೆ ಒಮ್ಮೆ ಮತ್ತೆ ಬಿಗಿಯಬೇಕು. ಒಮ್ಮೆ ಪೆಟ್ಟು ತಿಂದವರು 6 ಮಿಲಿಮೀಟರಿನ ತಗಡು ಹಾಕಿಸಲು ಹೊರಡುವರು. ಅದರಿಂದ ತೂಕವು ಇಮ್ಮಡಿಯಾಗಿ ಮುಂಭಾಗ ತಗ್ಗಿ, ನೆಲದ ಎಡೆಯು ಕಡಮೆಯಾಗಿ, ಹಿಂದೆ ತಗಲದಿದ್ದ ಕಲ್ಲುಗಳೂ ತಗಲುವುವು.

ಬಳಿಯುವ ಲೇಪ

ಗಾಡಿಯ ಅಡಿಗೆ ಬಳಿದಿರುವ ಕಪ್ಪು ಲೇಪವೂ ಒಂದು ಕವಚವೇ. ಜಲ್ಲಿಯ ಏಟಿನಿಂದ ಅದು ಅಲ್ಲಲ್ಲಿ ಎದ್ದು, ತಗಡಿಗೂ ಅದಕ್ಕೂ ನಡುವೆ ನೀರು ನಿಲ್ಲುವುದು. ಹೊರಗೆ ಕಪ್ಪಾಗಿಯೇ ಕಾಣುತ್ತಿದ್ದರೂ ಒಳಗೆ ತುಕ್ಕು ತಿನ್ನುತ್ತಿರುವುದು. ತಿರುಪುಳಿಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ, ಟೊಳ್ಳು ಶಬ್ದ ಬಂದ ಕಡೆಯಲ್ಲೆಲ್ಲ ಕೆರೆದು ತೆಗೆಯಬೇಕು. ಧಾರವಾಡ, ಗದಗ, ವಿಜಯಪುರದ ಎರೆಮಣ್ಣು ಬಹಳ ದಿನ ತೇವವನ್ನು ಬಿಡುವುದಿಲ್ಲ. ಕರಾವಳಿಯ ಗಾಳಿಯಲ್ಲಿಯೇ ಉಪ್ಪುಂಟು. ನಮ್ಮ ರೈತರು ಮರೆಯುವ ಇನ್ನೊಂದು ಕಾರಣ ಗೊಬ್ಬರ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಅಡಿಗೆಯ ಉಪ್ಪಿನಂತೆಯೇ ಕ್ಲೋರೈಡು; ಹರಿದ ಚೀಲದಿಂದ ಉದುರಿದ ಪುಡಿಯು ಚಾಸಿಯ ಸಂದುಗಳಲ್ಲಿ ಸೇರಿ ಕಬ್ಬಿಣವನ್ನು ಬೇಗ ತಿನ್ನುವುದು. ಗೊಬ್ಬರ ಹೇರಿದ ದಿನವೇ ಗಾಡಿಯ ಮೇಲನ್ನೂ ಅಡಿಯನ್ನೂ ಧಾರಾಳವಾಗಿ ನೀರಿನಿಂದ ತೊಳೆಯತಕ್ಕದ್ದು; ಕೆರೆ ಬಾವಿಗಳ ಹತ್ತಿರ ಮಾತ್ರ ಬೇಡ.

ತೊಳೆದ ಮೇಲೆ ಒಂದು ಹಗಲು ಪೂರ್ತಿ ಬಿಸಿಲಿನಲ್ಲಿ ಒಣಗಿಸಿ, ತಂತಿಯ ಬ್ರಷ್ಷಿನಿಂದ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ತುಕ್ಕುತಡೆಯುವ ಪ್ರೈಮರನ್ನು ಹಚ್ಚಿ, ಅದು ಒಣಗಿದ ಮೇಲೆ ಡಾಂಬರಿನ ಅಥವಾ ರಬ್ಬರಿನ ಲೇಪವನ್ನು ಎರಡು ಸಲ ತೆಳ್ಳಗೆ ಬಳಿಯಬೇಕು. ಸೈಲೆನ್ಸರು, ಬ್ರೇಕಿನ ಚಕ್ರಗಳು, ರಬ್ಬರಿನ ಭಾಗಗಳು, ತಿರುಗುವ ದಂಡ ಇವುಗಳಿಗೆ ಲೇಪ ತಗಲಕೂಡದು. ಚಾಸಿಯಲ್ಲಿ ನೀರು ಇಳಿಯುವುದಕ್ಕೆ ಬಿಟ್ಟಿರುವ ರಂಧ್ರಗಳನ್ನು ಮುಚ್ಚಿಬಿಟ್ಟರೆ ಲೇಪದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಮೃಗಶಿರೆ ಮಳೆಗೆ ಮುಂಚೆ ಇದನ್ನು ಮುಗಿಸಿಕೊಳ್ಳುವುದು ಉತ್ತಮ.

ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಅಡಿಗೆ ಬಳಿಯುವ ಅಥವಾ ಚಿಮುಕಿಸುವ ವಾಡಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಅದರಿಂದ ತುಕ್ಕು ಕೆಲವು ದಿನ ತಡೆದರೂ ರಬ್ಬರು ಉಬ್ಬಿ ಕೆಡುವುದು, ಧೂಳು ಅಂಟಿ ಗಟ್ಟಿಯಾಗುವುದು, ಉರಿಯುವ ಭಯವೂ ಹೆಚ್ಚುವುದು. ಹೊಲದಲ್ಲಿ ತೊಟ್ಟಿಕ್ಕಿದ ಎಣ್ಣೆಯು ಮಣ್ಣಿನಲ್ಲಿ ನೀರು ಇಂಗುವುದನ್ನೂ ಬೀಜ ಮೊಳೆಯುವುದನ್ನೂ ತಡೆಯುವುದು.

ಪೆಟ್ಟಿಗೆ ಕಾರಣವಾದ ಗಡಿಕಲ್ಲನ್ನು ಕಿತ್ತುಹಾಕುವ ಆಲೋಚನೆ ಕೆಲವರಿಗೆ ಬರುವುದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ ಮೇರೆಗೆ ಗಡಿಗುರುತನ್ನು ಕೀಳುವುದು ಶಿಕ್ಷಾರ್ಹವಾದುದು. ಕಲ್ಲಿನ ಸುತ್ತಣ ಹುಲ್ಲನ್ನು ಕೊಯ್ದು, ಸುಣ್ಣ ಬಳಿದು, ಪಕ್ಕದಲ್ಲಿ ಆಳೆತ್ತರದ ಗಳುವನ್ನು ನೆಟ್ಟರೆ ಸಾಕು. ಕಬ್ಬು ಕಟಾವಾದ ಗದ್ದೆಗೆ ಗಾಡಿ ಇಳಿಸುವ ಮುಂಚೆ ಒಬ್ಬರು ಮುಂದೆ ನಡೆದು ಹಾದಿ ನೋಡಬೇಕು. ತರಗಿನ ಕೆಳಗೆ ಕೂಳೆಯೂ ಕಾಲುವೆಯ ಕಲ್ಲೂ ಕಾಣುವುದಿಲ್ಲ. ಬದುವನ್ನು ದಾಟುವಾಗ ತುಂಬಿದ ಗಾಡಿಯನ್ನು ನೇರವಾಗಿ ನುಗ್ಗಿಸಿದರೆ ನಡುಭಾಗ ಕುಳಿತುಕೊಳ್ಳುವುದು; ಬದು ತಗ್ಗಾಗಿರುವ ಕಡೆ ಸ್ವಲ್ಪ ಓರೆಯಾಗಿ, ಒಂದೊಂದೇ ಚಕ್ರ ಏರಿ ಇಳಿಯುವಂತೆ, ನಡೆಯುವ ವೇಗದಲ್ಲಿ ದಾಟಿಸತಕ್ಕದ್ದು.